ಗುಣಲಬ್ಧ ಒಂದೇ, ಗಣಕ ಒಂದೇ ಅಲ್ಲ

ಸುಬ್ರಹ್ಮಣ್ಯಪುರದ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ನನ್ನ ಬೋಧನಾಭ್ಯಾಸದ ಪಾಠ. ಕಪ್ಪುಹಲಗೆಯ ಮೇಲೆ ಬರೆದೆ: ಪ್ರೊಸೆಸರ್ ವೇಗ = ಬಸ್ ವೇಗ × ಗುಣಕ.

ಉದಾಹರಣೆ, 1998ರ ಇಂಟೆಲ್ ಸೆಲೆರಾನ್ 300ಎ. ಅದರ ಗುಣಕ 4.5, ಬದಲಿಸಲಾಗದು. ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಪ್ರೊಸೆಸರ್ 300ರಿಂದ 450ಕ್ಕೆ ಏರುತ್ತದೆ. ಇದೇ ಓವರ್‌ಕ್ಲಾಕಿಂಗ್.

ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಮಿಸ್, 75 × 6 ಕೂಡ 450 ಅಲ್ವಾ? ಎರಡೂ ಒಂದೇನಾ?"

"ಒಂದೇ" ಎಂದುಬಿಟ್ಟೆ. ಲೆಕ್ಕಕ್ಕೆ ಸರಿ, ಗಣಕಕ್ಕೆ ತಪ್ಪು. ಗುಣಕ ಏರಿಸಿದರೆ ಪ್ರೊಸೆಸರ್ ಮಾತ್ರ ವೇಗವಾಗುತ್ತದೆ. ಆ ಕಾಲದ ಮದರ್‌ಬೋರ್ಡ್‌ಗಳಲ್ಲಿ ಬಸ್ ಏರಿಸಿದರೆ ಮೆಮೊರಿಯೂ ವೇಗವಾಗುತ್ತಿತ್ತು. ಅದು ತಾಳದಿದ್ದರೆ ಗಣಕವೇ ನಿಲ್ಲುತ್ತಿತ್ತು. ಎರಡರಲ್ಲೂ ಶಾಖ ಹೆಚ್ಚು. ಹಾಗಾಗಿ ಸ್ವಲ್ಪಸ್ವಲ್ಪವೇ ಏರಿಸಿ, ಪ್ರತಿ ಹಂತದಲ್ಲೂ ಪರೀಕ್ಷಿಸಬೇಕು.

ಮರುದಿನ ತಪ್ಪೊಪ್ಪಿಕೊಂಡು ಒಂದು ಚಟುವಟಿಕೆ ಮಾಡಿಸಿದೆ. ಚಪ್ಪಾಳೆಯೇ ಬಸ್. ಪ್ರತಿ ಚಪ್ಪಾಳೆಗೆ ಲೆಕ್ಕದ ಚೀಟಿ ಕೊಡುವವಳು ಮೆಮೊರಿ, ಬಿಡಿಸುವವನು ಪ್ರೊಸೆಸರ್. ನಿಧಾನವಾಗಿ ತಟ್ಟಿದಾಗ ಬಿಡಿಸುವವನು ಚೀಟಿಗಾಗಿ ಕಾದ. ತೀರಾ ಬೇಗ ತಟ್ಟಿದಾಗ ಕೊಡುವವಳ ಕೈಯಿಂದ ಚೀಟಿಗಳು ಜಾರಿದವು. ಪ್ರಶ್ನೆ ಕೇಳಿದ್ದವಳೇ ವ್ಯತ್ಯಾಸ ವಿವರಿಸಿದಳು.

ಈಗ ಪಾಠಯೋಜನೆಯಲ್ಲಿ "ಮಕ್ಕಳು ಕೇಳಬಹುದಾದ ಪ್ರಶ್ನೆ" ಎಂಬ ಸಾಲನ್ನೂ ಸೇರಿಸುತ್ತಿದ್ದೇನೆ. ಉತ್ತರ ಗೊತ್ತಿಲ್ಲದಿದ್ದರೆ, "ನಾಳೆ ನೋಡಿ ಹೇಳ್ತೀನಿ" ಎನ್ನುತ್ತೇನೆ.