ಹುಣಸೆಹಣ್ಣು ಹಚ್ಚಿದ ಆನೆ ಕಾಸು

ಪ್ರೀತಿಯ ಪುಟ್ಟನಿಗೆ, ಭದ್ರಾವತಿಯಿಂದ ನಿನ್ನ ಮಾವನ ಆಶೀರ್ವಾದಗಳು.

ನಿನ್ನಮ್ಮ ಫೋನು ಮಾಡಿದ್ದಳು. ನಾಣ್ಯದ ಆಲ್ಬಮ್ಮುಗಳನ್ನೆಲ್ಲ ಮಾರಿಬಿಡ್ತಾನಂತೆ, ನೀನಾದರೂ ಹೇಳಣ್ಣ ಅಂದಳು. ಫೋನಿನಲ್ಲಿ ಹೇಳಹೊರಟರೆ ನಾನು ರೇಗುತ್ತೇನೆ, ನೀನು ‘ಸರಿ ಮಾವ, ಸರಿ ಮಾವ’ ಅನ್ನುತ್ತೀಯ, ಅಲ್ಲಿಗೆ ಮುಗಿಯಿತು. ಅದಕ್ಕೇ ಕಾಗದ.

ಮೊದಲೇ ಹೇಳಿಬಿಡುತ್ತೇನೆ. ಮಾರು ಅಂತಲೂ ಹೇಳುವುದಿಲ್ಲ, ಇಟ್ಟುಕೋ ಅಂತಲೂ ಹೇಳುವುದಿಲ್ಲ. ವಸ್ತು ನಿನ್ನದು, ಹಾಕಿದ ದುಡ್ಡೂ ನಿನ್ನದು.

ಮೊನ್ನೆ ರಾತ್ರಿ ಕೂತು ನಿನ್ನ ವಿಡಿಯೊಗಳನ್ನೆಲ್ಲ ನೋಡಿದೆ. ಇಕ್ಕೇರಿ ವರಹದ್ದು ಚೆನ್ನಾಗಿದೆ. ಕೆಳದಿಯ ಸದಾಶಿವ ನಾಯಕನ ವರಹದ ಮೇಲೆ ಕೂತ ಶಿವಪಾರ್ವತಿಯರು, ಆ ವಂಶದ ರಾಜಧಾನಿ ಬಿದನೂರು ಹೈದರನ ಕೈಸೇರಿದ ಮೇಲೂ ಕದಲಲಿಲ್ಲ, ಹಿಂಬದಿಗೆ ಅವನ ಹೆಸರಿನ ಮೊದಲಕ್ಷರ ಬಂತು ಅಷ್ಟೆ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಅದೇ ದಂಪತಿ. ದೊರೆ ಯಾರೇ ಆಗಲಿ, ಸಂತೆಯವನು ಕಣ್ಣಿಗೆ ಪಳಗಿದ ನಾಣ್ಯವನ್ನೇ ನಂಬುತ್ತಾನೆ ಅಂದೆಯಲ್ಲ, ಆ ಮಾತು ಹಿಡಿಸಿತು. ಆದರೆ ಹೈದರ್ ಬಿದನೂರು ಹಿಡಿದದ್ದು 1773 ಅಂದಿದ್ದೀಯ. 1763 ಕಣೋ! 38 ಜನ ನೋಡಿದ್ದಾರೆ, ಒಬ್ಬರೂ ತಿದ್ದಲಿಲ್ಲವಾ?

ಅದರ ಕೆಳಗೇ ಇನ್ನೊಂದಿತ್ತು. ಟಿಪ್ಪು ಕಾಲದ ಆನೆ ಕಾಸಿಗೆ ಹುಣಸೆಹಣ್ಣು, ಉಪ್ಪು ಹಚ್ಚಿ ಫಳಫಳ ಅನ್ನುವ ಹಾಗೆ ತಿಕ್ಕಿದ್ದು. ಅದಕ್ಕೆ 4 ಸಾವಿರ ಜನ. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ನಾನಾಗ ಏಳನೇ ಕ್ಲಾಸು. ನಿಮ್ಮಜ್ಜನಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ; ನಮ್ಮನೆಯಲ್ಲಿ ಅನ್ನಕ್ಕೆ ಎಸರಿಡುತ್ತಿದ್ದುದೂ ಸೈರನ್ ಕೇಳಿಯೇ. ಅವರು ಶಿವಮೊಗ್ಗಕ್ಕೆ ಹೊರಟರೆ ನಾನೂ ಬೆನ್ನಿಗೆ. ಗಾಂಧಿ ಬಜಾರಿನಲ್ಲಿ ಹಳೇ ತಾಮ್ರ ತೂಕಕ್ಕೆ ಕೊಳ್ಳುವ ಪಾತ್ರೆ ಅಂಗಡಿಯೊಂದಿತ್ತು. ತೂತು ಬಿದ್ದ ಹಂಡೆ, ನೆಗ್ಗಿದ ಚೊಂಬುಗಳ ಜತೆ ಮುಷ್ಟಿ ಮುಷ್ಟಿ ಹಳೇ ಕಾಸುಗಳೂ ಬಂದು ಬೀಳುತ್ತಿದ್ದವು, ಎಲ್ಲ ಕರಗಿಸುವುದಕ್ಕೆ. ಯಜಮಾನರು ನನಗೆ ಆರಿಸಿಕೊಳ್ಳಲು ಬಿಟ್ಟು, ತಕ್ಕಡಿಗೆ ಹಾಕಿ ತಾಮ್ರದ ದರಕ್ಕೇ ಕೊಡುತ್ತಿದ್ದರು. ಹಾಗೆ ಸಿಕ್ಕಿದ್ದು ಒಂದು ಆನೆ ಕಾಸು. ಮೈತುಂಬ ಹಸಿರು ಕಿಲುಬು. ಮನೆಗೆ ಬಂದರೆ ಅಮ್ಮ ಹಬ್ಬಕ್ಕೆ ದೇವರ ಪಾತ್ರೆ ತೊಳೆಯುತ್ತಿದ್ದಳು. ಅವಳ ಹುಣಸೆಹಣ್ಣು ಸಾಲದೆ ಇಟ್ಟಿಗೆ ಪುಡಿ ಬೇರೆ ಹಾಕಿ ಸಂಜೆಯವರೆಗೆ ಉಜ್ಜಿದೆ. ಮಾರನೇ ದಿನ ಇಡೀ ಕ್ಲಾಸು ನನ್ನ ಸುತ್ತ! ನಿನ್ನ 4 ಸಾವಿರದ ಖುಷಿ ನನಗೆ ಗೊತ್ತು.

ಹತ್ತು ಹನ್ನೆರಡು ವರ್ಷ ಕಳೆಯಿತು. ಪೇಪರ್ ಮಿಲ್ಲಿಗೆ ಸೇರಿದ್ದೆ. ಇಲ್ಲೇ ಒಂದು ಶಾಲೆಯ ಹಾಲಿನಲ್ಲಿ ವಸ್ತುಪ್ರದರ್ಶನ ಅಂತ ನನಗೂ ಒಂದು ಬೆಂಚು ಕೊಟ್ಟರು. ಪಕ್ಕದಲ್ಲಿ ಬೆಂಕಿಕಡ್ಡಿಯಲ್ಲಿ ಜೋಗ ಜಲಪಾತ ಮಾಡಿಟ್ಟಿದ್ದರು, ಜನವೆಲ್ಲ ಅಲ್ಲಿ. ಹೆಜ್ಜೆ ಸಪ್ಪಳವಾದಾಗಲೆಲ್ಲ ತಲೆಯೆತ್ತುತ್ತಿದ್ದೆ. ಬೆಂಚು ಖಾಲಿ ಮಾಡುವ ಹೊತ್ತಿಗೆ ಬಂದವರು ಒಬ್ಬ ಮುದಿ ಉರ್ದು ಮೇಷ್ಟ್ರು. ಆನೆ ಕಾಸನ್ನು ಮಗುಚಿ, ಕನ್ನಡಕ ಹಣೆಗೇರಿಸಿ, ‘ಝರ್ಬ್ ನಗರ್’ ಎಂದು ಓದಿದರು. ನಗರದ ಟಂಕಸಾಲೆಯದು. ಅಲ್ಲಿಯವರೆಗೆ ಅದು ಶ್ರೀರಂಗಪಟ್ಟಣದ್ದು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅದು ನಮ್ಮ ಹೊಸನಗರ ತಾಲ್ಲೂಕಿನ ನಗರ, ಆ ಬಿದನೂರೇ! ನನ್ನ ಕೈಕಾಲು ನಿಲ್ಲಲಿಲ್ಲ. ಇಸವಿ ಯಾವುದು ಅಂದೆ. ಟಿಪ್ಪು ಪಟ್ಟಕ್ಕೆ ಬಂದ ಕೆಲವು ವರ್ಷಗಳ ಮೇಲೆ ಮೌಲೂದಿ ಅಂತ ಹೊಸ ಶಕೆ ಹಿಡಿದ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು ಎಂದು ವಿವರಿಸುತ್ತಲೇ ಆನೆಯ ಮೇಲ್ಗಡೆ ಬೆರಳಾಡಿಸಿದರು. ಬೆಳಕಿಗೆ ಹಿಡಿದರು. ‘ಇಲ್ಲಿ ಅಂಕಿ ಇತ್ತು. ಯಾರೋ ಉಜ್ಜಿಬಿಟ್ಟಿದ್ದಾರೆ’ ಅಂದರು.

‘ನನಗೆ ಸಿಕ್ಕಿದ್ದೇ ಹಾಗೆ’ ಅಂದೆ. ಸುಳ್ಳು. ಇದನ್ನು ನಿಮ್ಮತ್ತೆಗೂ ಹೇಳಿಲ್ಲ.

ಇಡೀ ದಿನಕ್ಕೆ ಓದಬಲ್ಲವನೊಬ್ಬ ಬಂದ, ಅವನ ಕೈಗಿಡಲು ನನ್ನ ಹತ್ತಿರ ಇದ್ದದ್ದು ಸವೆದ ತಾಮ್ರ. ಅವತ್ತಿನಿಂದ ನೋಟ್‌ಬುಕ್ ಇಟ್ಟೆ. ಯಾವ ನಾಣ್ಯ, ಯಾರಿಂದ, ಯಾವ ಊರಲ್ಲಿ, ಎಷ್ಟು ಕೊಟ್ಟೆ, ಅಕ್ಕಸಾಲಿಗರ ತಕ್ಕಡಿಯಲ್ಲಿ ಎಷ್ಟು ತೂಗಿತು, ಎಲ್ಲ. ನಿಮ್ಮತ್ತೆ ಅದಕ್ಕೆ ದೋಬಿ ಲೆಕ್ಕ ಅಂತ ಹೆಸರಿಟ್ಟಳು. ಈವರೆಗೆ ಅದನ್ನು ಯಾರೂ ಬಿಚ್ಚಿ ನೋಡಿಲ್ಲ. ನಿನ್ನ 38 ಜನ ನನಗೆ ದೊಡ್ಡ ಜಾತ್ರೆಯ ಹಾಗೆ ಕಾಣುತ್ತದೆ, ಗೊತ್ತಾ?

ಇನ್ನೊಂದು ವಿಷಯ ನಿನ್ನಮ್ಮ ಬಾಯಿಬಿಟ್ಟಳು. ವೈಷ್ಣೋದೇವಿ ಚಿತ್ರದ 5 ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತೆ ಅಂತ ವಿಡಿಯೊ ಮಾಡು, ಜನ ಮುಗಿಬೀಳುತ್ತಾರೆ ಅಂತ ನಿನ್ನ ಗೆಳೆಯ ಹೇಳಿಕೊಟ್ಟಿದ್ದಾನಂತೆ. 2012ರಲ್ಲಿ ಸರ್ಕಾರವೇ ಹೊರಡಿಸಿದ ನಾಣ್ಯ ಅದು. ಇಂಥ ಆಸೆ ತೋರಿಸಿ, ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್ ಕೀಳುವವರ ಬಗ್ಗೆ 2021ರ ಆಗಸ್ಟಿನಲ್ಲಿ ಬ್ಯಾಂಕೇ ಎಚ್ಚರಿಸಿತ್ತು. ಅಂಥವರ ಸಾಲಿನಲ್ಲಿ ಹೋಗಿ ನಿಂತುಕೊಳ್ಳುತ್ತೀಯಾ? ಹಾಗಾದರೆ ನನ್ನ ಭೂತಗನ್ನಡಿ ವಾಪಸ್ ಕೊಡು.

ಜಾಸ್ತಿಯೇ ಬೈದೆನೇನೋ. ಹೊಟ್ಟೆಯಲ್ಲಿಟ್ಟುಕೋ. ಯಾರಾದರೂ ನೋಡಲಿ ಅನ್ನುವ ಆಸೆ ತಪ್ಪಲ್ಲ. ನಾನೂ ಆ ಬೆಂಚಿನ ಹಿಂದೆ ದಿನವಿಡೀ ಕಾದವನೇ. ಆದರೆ ನಮ್ಮ ಜಿಲ್ಲೆಯಲ್ಲೇ ನೋಡು. ಕೆಳದಿ ಗುಂಡಾ ಜೋಯಿಸರು ತಾಳೆಗರಿ, ಕಡತಗಳನ್ನು ಕೂಡಿಹಾಕಿದಾಗ ಎದುರಿಗೆ ಕ್ಯಾಮೆರಾ ಇರಲಿಲ್ಲ. ಲಕ್ಕಿನಕೊಪ್ಪದಲ್ಲಿ ಎಚ್. ಖಂಡೋಬರಾವ್ ಕಟ್ಟಿದ ‘ಅಮೂಲ್ಯ ಶೋಧ’ ವಸ್ತುಸಂಗ್ರಹಾಲಯಕ್ಕೆ ಹೋಗಿ ನಿಂತರೆ ಒಬ್ಬ ಮನುಷ್ಯ ಎಷ್ಟು ಕೂಡಿಡಬಲ್ಲ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಮಾರಲೇಬೇಕು ಅನ್ನಿಸಿದರೆ ಒಂದೇ ನಮೂನೆಯವು ಎರಡೆರಡು ಇರುವುದನ್ನು ಮಾರು. ನಗರದ ಟಂಕಸಾಲೆಯವನ್ನು ಮುಟ್ಟಬೇಡ. ವಿಡಿಯೊ ಬೇಕಿದ್ದರೆ ಮಾಡು, ವಾರಕ್ಕೊಂದರ ಬದಲು ತಿಂಗಳಿಗೊಂದು ಸಾಕು. ಉಳಿದ ಹೊತ್ತಲ್ಲಿ ಬರೆದಿಡು. ಇದು ಇಟ್ಟುಕೋ ಅಂದಂತೆಯೇ ಆಯಿತು. ಆಗಲಿ.

ಬರುವ ಭಾನುವಾರ ಲಕ್ಕಿನಕೊಪ್ಪಕ್ಕೆ ಹೋಗೋಣ, ಬೆಳಿಗ್ಗೆಯೇ ಶಿವಮೊಗ್ಗಕ್ಕೆ ಬರುತ್ತೇನೆ. ನೀನು ತಿಕ್ಕಿದ ಆ ಕಾಸನ್ನೂ ಜೇಬಿನಲ್ಲಿಟ್ಟುಕೊಂಡು ಬಾ. ಅಂಕಿ ಉಳಿದಿದೆಯೋ ನೋಡಬೇಕು.

ಇಂತು ನಿನ್ನ ಮಾವ