ಸೀಟು ಸಿಕ್ಕ ಮೇಲಿನ ಲೆಕ್ಕ

ಕೊಳ್ಳೇಗಾಲದಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡುತ್ತಲೇ ಹನೂರು, ಯಳಂದೂರು ಕಡೆಯ ಮಕ್ಕಳ ಸಿಇಟಿ ಅರ್ಜಿ, ಸ್ಕಾಲರ್‌ಶಿಪ್, ಬ್ಯಾಂಕ್ ಸಾಲಕ್ಕಾಗಿ ಓಡಾಡುತ್ತಾ ಬಂದಿದ್ದೇನೆ. ಬಡವರ ಮಕ್ಕಳ ಓದಿಗೆ ದುಡ್ಡಿನ ದಾರಿಗಳಿವೆ. ಆದರೆ ಆ ದುಡ್ಡು ತಡವಾಗಿ ಬರುತ್ತದೆ. ಅಲ್ಲಿಯವರೆಗೆ ಮಗುವನ್ನು ಕಾಲೇಜಿನಲ್ಲಿ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ.

1. ಮೊದಲು ಕಾಗದಪತ್ರ.
ಅಂಕಪಟ್ಟಿಯಲ್ಲಿ ‘ಮಹದೇವಮ್ಮ’, ಆಧಾರ್‌ನಲ್ಲಿ ‘ಮಾದೇವಮ್ಮ’. ಮಲೆ ಮಹದೇಶ್ವರನನ್ನು ಮಾದಪ್ಪ ಎಂದು ಕರೆಯುವ ಈ ಸೀಮೆಯಲ್ಲಿ ಈ ತೊಡಕು ಮಾಮೂಲು. ಹೆಸರು ತಾಳೆಯಾಗದಿದ್ದರೆ ರಾಜ್ಯದ ಸ್ಕಾಲರ್‌ಶಿಪ್‌ಗಳ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಪ್ರಥಮ ಪಿಯುಸಿಯಲ್ಲೇ ಸರಿಪಡಿಸಿಕೊಳ್ಳಿ. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ, ತಾರೀಖು ನೋಡಿಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲೇಬೇಕು.

2. ಹಳ್ಳಿ ಶಾಲೆಯಲ್ಲಿ ಓದಿದ್ದನ್ನು ಅರ್ಜಿಯಲ್ಲಿ ತೋರಿಸಿ.
ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. 1ರಿಂದ 10ನೇ ತರಗತಿಯವರೆಗೆ ಹತ್ತೂ ವರ್ಷ ಹಾಗೆ ಓದಿರಬೇಕು. ಮುಖ್ಯಶಿಕ್ಷಕರು ಬರೆದುಕೊಟ್ಟ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೇಕು. ಇಂಜಿನಿಯರಿಂಗ್‌ನಲ್ಲಿ ಬೋಧನಾ ಶುಲ್ಕವಿಲ್ಲದ ಹೆಚ್ಚುವರಿ ಎಸ್‌ಎನ್‌ಕ್ಯೂ ಸೀಟುಗಳೂ ಇವೆ. ಸರ್ಕಾರಿ ಸೀಟು ಸಿಕ್ಕರೆ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

3. ಫೀಸಿಗಿಂತ ಊಟ, ವಸತಿ ಭಾರ.
ಫೀಸು ವರ್ಷಕ್ಕೊಮ್ಮೆ, ಹಸಿವು ದಿನಾಲೂ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿಗೆ ಮೊದಲು ಅರ್ಜಿ ಹಾಕಿ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ: ಊಟ, ವಸತಿಗೆ ತಿಂಗಳಿಗಿಷ್ಟು ಎಂದು 10 ತಿಂಗಳು ಹಣ ಸಿಗುತ್ತದೆ. ಮೈಸೂರಿನಲ್ಲಿ ಮಠಗಳ ಪ್ರಸಾದನಿಲಯಗಳನ್ನು ವಿಚಾರಿಸಿ. ಚಾಮರಾಜನಗರದಲ್ಲೇ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ಇದೆ. ಯಳಂದೂರಿನ ಹೆಣ್ಣುಮಗಳು ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ ಮನೆಯಿಂದಲೇ ಓಡಾಡಬಹುದು.

4. ಸಾಲಕ್ಕೆ ಹೆದರಬೇಡಿ, ಲೆಕ್ಕ ಹಾಕಿ.
ಬ್ಯಾಂಕಿನ ಶಿಕ್ಷಣ ಸಾಲ 4 ಲಕ್ಷದವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ನಂತರ. ಆದರೆ ಬಡ್ಡಿ ಸುಮ್ಮನೆ ಕೂರುವುದಿಲ್ಲ: 4 ಲಕ್ಷಕ್ಕೆ ಶೇ 10 ಎಂದುಕೊಂಡರೂ ವರ್ಷಕ್ಕೆ 40,000. ಸಿಇಟಿ ಸೀಟು ಪಡೆದ ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದ, ಅಲ್ಪಸಂಖ್ಯಾತರು ತಮ್ಮ ನಿಗಮದ ‘ಅರಿವು’ ಸಾಲವನ್ನು ಮೊದಲು ಕೇಳಬೇಕು. ಅಲ್ಲಿ ಬಡ್ಡಿ ತೀರಾ ಕಡಿಮೆ. ಮೈಕ್ರೋಫೈನಾನ್ಸ್ ಸಾಲ ತೆಗೆದು ಫೀಸು ಕಟ್ಟಬೇಡಿ. ವಾರದ ಕಂತು ತಾಯಿಯ ಕೂಲಿಯನ್ನೇ ನುಂಗುತ್ತದೆ.

5. ಮೊದಲ ಮೂರು ತಿಂಗಳಿಗೆ ಬೇರೆ ದುಡ್ಡು ಇಡಿ.
ಸೀಟು ಹಂಚಿಕೆಯಾದ ಮೇಲೆ ಫೀಸು ಕಟ್ಟಲು ಸಿಗುವುದು ಕೆಲವೇ ದಿನ. ಸ್ಕಾಲರ್‌ಶಿಪ್ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಮೆಸ್ ಮುಂಗಡ, ಪುಸ್ತಕ, ಏಪ್ರನ್, ಹಾಸಿಗೆ ಎಲ್ಲಕ್ಕೂ ಆಗಲೇ ದುಡ್ಡು ಬೇಕು. ಸೀಟು ಬಿಟ್ಟು ಮನೆಗೆ ಮರಳುವ ಮಕ್ಕಳು ಮರಳುವುದು ಈ ತಿಂಗಳುಗಳಲ್ಲೇ. ಮುಸುಕಿನ ಜೋಳ, ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಪಿಯುಸಿಯಿಂದಲೇ ಒಂದಿಷ್ಟು ತೆಗೆದಿಡಿ.

6. ಮೇಲೆ ಬಂದವರು ಕೈ ಹಿಡಿಯಬೇಕು.
ಈ ಸೀಮೆಯಿಂದ ಓದಿ ಸಂಬಳ ಎಣಿಸುತ್ತಿರುವವರಲ್ಲಿ ನನ್ನದೊಂದೇ ಕೋರಿಕೆ. ಒಂದು ಮಗುವಿನ ಪೂರ್ತಿ ಓದಿನ ಖರ್ಚು ಹೊರುವುದು ಬೇಡ. ಆ ಮೊದಲ ಮೂರು ತಿಂಗಳ ಮೆಸ್ ಬಿಲ್ ಕಟ್ಟಿ. ಉಳಿದ ದಾರಿಯನ್ನು ಮಕ್ಕಳೇ ನಡೆಯುತ್ತಾರೆ.