ದಾದಿಗೆ ಏನೇನು ಆಗುತ್ತದೆ?

ನಮ್ಮ ದಾದಿಗೆ ನೆನಪು ಕಡಿಮೆಯಾಗುತ್ತಿರುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ವೈದ್ಯರು, "ದಿನದ ಕೆಲಸಗಳಲ್ಲಿ ಯಾವುದನ್ನು ಇವರು ತಾವೇ ಮಾಡಿಕೊಳ್ಳುತ್ತಾರೆ?" ಎಂದು ಕೇಳಿದರು. ಅಬ್ಬಾ, "ಎಲ್ಲ ಮಾಡಿಕೊಳ್ಳುತ್ತಾರೆ" ಎಂದರು. ಅಮ್ಮಿ, "ಏನೂ ಆಗುವುದಿಲ್ಲ" ಎಂದರು. ಜೊತೆಗಿದ್ದ ನನಗೆ ಎರಡೂ ಸರಿಯೆನಿಸಲಿಲ್ಲ. ಈ ಪ್ರಶ್ನೆ ಏಕೆ ಮುಖ್ಯವೆಂದು ಆಮೇಲೆ ಓದಿ ತಿಳಿದುಕೊಂಡೆ.

ಡಿಮೆನ್ಶಿಯಾ ಎಂದರೆ ಬರೀ ಮರೆವಲ್ಲ. ನೆನಪು, ಯೋಚನೆ, ಮಾತಿನಂತಹ ಶಕ್ತಿಗಳು ಕುಂದಿ ದಿನನಿತ್ಯದ ಬದುಕಿಗೇ ಅಡ್ಡಿಯಾದಾಗ ಅದನ್ನು ಡಿಮೆನ್ಶಿಯಾ ಎನ್ನುತ್ತಾರೆ. ಆದ್ದರಿಂದ ನೆನಪಿನ ಪರೀಕ್ಷೆಯೊಂದೇ ಸಾಲದು.

ದಿನದ ಕೆಲಸಗಳನ್ನು ಎರಡು ಗುಂಪು ಮಾಡುತ್ತಾರೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 6 ಮೂಲ ಕೆಲಸಗಳಿವೆ: ಸ್ನಾನ, ಬಟ್ಟೆ ತೊಡುವುದು, ಶೌಚಾಲಯದ ಬಳಕೆ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. 1969ರ ಲಾಟನ್ ಮತ್ತು ಬ್ರೋಡಿ ಪಟ್ಟಿಯಲ್ಲಿ ಇನ್ನೂ ಜಟಿಲವಾದ 8 ಕೆಲಸಗಳಿವೆ: ಫೋನ್, ಖರೀದಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧಿ, ಹಣಕಾಸು. ಡಿಮೆನ್ಶಿಯಾದಲ್ಲಿ ಸಾಮಾನ್ಯವಾಗಿ ಮೊದಲು ತಪ್ಪುವುದು ಈ ಎರಡನೆಯ ಗುಂಪು.

ಆದರೆ ದಾದಿ ಬ್ಯಾಂಕಿಗೆ ಹೋದವರೇ ಅಲ್ಲ. ಅಡುಗೆಯನ್ನು ಸೊಸೆಗೆ ಒಪ್ಪಿಸಿ ಎಷ್ಟೋ ವರ್ಷಗಳಾದವು. ಮಾಡದಿರುವುದು ಬೇರೆ, ಮಾಡಲಾಗದಿರುವುದು ಬೇರೆ. ಈ ತೊಂದರೆಯನ್ನು ಸಂಶೋಧಕರೂ ಕಂಡಿದ್ದಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳ ಅನಕ್ಷರಸ್ಥ ಹಿರಿಯರಿಗೆ ಹೊಂದುವಂತೆ ರೂಪಿಸಿದ ಪ್ರತ್ಯೇಕ ಪ್ರಶ್ನಾವಳಿ 1999ರಲ್ಲಿ ಪ್ರಕಟವಾಯಿತು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ?

ನಾನು ಒಂದು ವಾರ ದಾದಿಯನ್ನು ಗಮನಿಸಿ, ನಾಲ್ಕು ಕಾಲಮ್‌ಗಳಲ್ಲಿ ಬರೆದೆ: ತಾವೇ ಮಾಡುತ್ತಾರೆ, ನೆನಪಿಸಿದರೆ ಮಾಡುತ್ತಾರೆ, ಕೈಜೋಡಿಸಿದರೆ ಮಾಡುತ್ತಾರೆ, ಆಗುವುದೇ ಇಲ್ಲ. ಊಟ ತಾವೇ ಮಾಡುತ್ತಿದ್ದರು. ಬಕೆಟ್ಟಿಗೆ ನೀರು ತುಂಬಿಸಿ ಸೋಪು ಕೊಟ್ಟರೆ ಸ್ನಾನವೂ ಅವರದೇ. ವುಝೂ ಮಾಡುವಾಗ ಕ್ರಮ ತಪ್ಪುತ್ತಿತ್ತು. ನಾನು ಪಕ್ಕದಲ್ಲಿ ಕುಳಿತು ಮಾಡಿದರೆ ನೋಡಿಕೊಂಡು ಮಾಡುತ್ತಿದ್ದರು. ಒಬ್ಬರೇ ನಮಾಜ್ ಮಾಡಿದರೆ ರಕಅತ್ ಲೆಕ್ಕ ಮರೆಯುತ್ತಿತ್ತು. ಒಂದು ದಿನ ಬಿಪಿ ಮಾತ್ರೆಯನ್ನು ಎರಡು ಸಲ ನುಂಗಿದ್ದರು. ಕುರ್ಚಿಯ ಮೇಲೆ ಕುಳಿತು ನಮಾಜ್ ಮಾಡುವುದು ಮಾತ್ರ ಮಂಡಿನೋವಿನಿಂದ. ಅದನ್ನು ಮರೆವಿನ ಲೆಕ್ಕಕ್ಕೆ ಸೇರಿಸಬಾರದು.

ಅಬ್ಬಾ ಇಡೀ ದಿನ ಅಂಗಡಿಯಲ್ಲಿರುತ್ತಾರೆ, ಅವರು ಕಂಡಿದ್ದು ಕಡಿಮೆ. ಅಮ್ಮಿ ಹೊತ್ತಾಗುತ್ತದೆಂದು ಎಲ್ಲವನ್ನೂ ತಾವೇ ಮಾಡಿಬಿಡುತ್ತಿದ್ದರು. ಇಬ್ಬರ ಉತ್ತರವೂ ಬೇರೆಯಾಗಿದ್ದು ಅದಕ್ಕೇ.

ಆ ಹಾಳೆಯನ್ನು ವೈದ್ಯರಿಗೆ ತೋರಿಸಿದೆವು. ಈಗ ಮಾತ್ರೆಯ ಡಬ್ಬಿ ಅಮ್ಮಿಯ ಬಳಿ ಇದೆ. ಸ್ನಾನದ ಚೊಂಬು ದಾದಿಯ ಕೈಗೇ ಮರಳಿದೆ. ಸಾಮರ್ಥ್ಯವಿದ್ದೂ ಬಳಸದಿದ್ದರೆ ಅದು ಬೇಗ ಕೈತಪ್ಪುತ್ತದೆ.

ಮುಪ್ಪಿನಲ್ಲಿ ತಂದೆತಾಯಿಯರೊಂದಿಗೆ ಬೇಸರ ತೋರದೆ ಗೌರವದಿಂದ ನಡೆದುಕೊಳ್ಳಬೇಕೆಂದು ಕುರ್‌ಆನ್ ಕಲಿಸುತ್ತದೆ. ಅವರಿಂದ ಆಗುವುದನ್ನು ಅವರಿಗೇ ಬಿಡುವುದೂ ಆ ಗೌರವದ ಭಾಗವೆಂದು ನನಗೆ ಈಗ ಅನಿಸುತ್ತದೆ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಒಂದು ವಾರ ಗಮನಿಸಿ ಬರೆಯಿರಿ. ಬದಲಾವಣೆ ದಿಢೀರನೆ ಕಂಡರೆ ಮಾತ್ರ ವಾರದವರೆಗೆ ಕಾಯಬೇಡಿ, ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ.